ನಿಮಗೇನು ಬರುತ್ತದೆ?

ಸಂಜೆ ಮೊಬೈಲು ಕೈಗೆತ್ತಿಕೊಂಡರೆ ಸೈಟಿನದೋ ಫ್ಲ್ಯಾಟಿನದೋ ಒಂದಾದರೂ ಜಾಹೀರಾತು ಕಣ್ಣಿಗೆ ಬಿದ್ದೇ ಬೀಳುತ್ತದೆ. ‘ಮೂವತ್ತು ನಲವತ್ತು, ಪೂರ್ವ ದಿಕ್ಕು, ಡಿಸಿ ಕನ್ವರ್ಷನ್ ಆಗಿದೆ, ಇ-ಖಾತೆ ರೆಡಿ, ಬ್ಯಾಂಕ್ ಸಾಲ ಸಿಗುತ್ತದೆ.’ ಮಾರುವವರ ಮಾತೆಂದು ಗೊತ್ತಿರುವುದರಿಂದ ನಾವೂ ಒಂದಿಷ್ಟು ಕಳೆದೇ ಓದಿಕೊಳ್ಳುತ್ತೇವೆ. ತೊಡಕಿರುವುದು ಇನ್ನೊಂದು ಬಗೆಯ ಬರಹದಲ್ಲಿ. ‘ಮಾಗಡಿ ರಸ್ತೆಯ ಕಡೆ ಮನೆ ಕಟ್ಟಬೇಕು ಅಂತಿದ್ದೇವೆ, ನೀರಿಗೆ ತೊಂದರೆ ಇಲ್ಲವಷ್ಟೆ?’ ಎಂದು ಒಬ್ಬರು ಕೇಳಿರುತ್ತಾರೆ. ಕೆಳಗೇ ಉತ್ತರ ಸಿದ್ಧವಾಗಿರುತ್ತದೆ: ‘ಒಳ್ಳೇ ಏರಿಯಾ ಸರ್, ಕಣ್ಣು ಮುಚ್ಚಿಕೊಂಡು ತೊಗೊಳ್ಳಿ. ಎರಡೇ ವರ್ಷದಲ್ಲಿ ರೇಟು ಡಬಲ್ ಆಗುತ್ತೆ. ಪರಿಚಯದವರ ಲೇಔಟ್ ಇದೆ, ನಂಬರ್ ಕಳಿಸಿ.’ ಹೇಳಿದವರು ಆ ಬೀದಿಯಲ್ಲಿ ಬೋರ್‌ವೆಲ್ ನೀರು ಕುಡಿದು ಬಾಳುತ್ತಿರುವವರೋ, ಅದೇ ಲೇಔಟಿನ ಏಜೆಂಟೋ? ಬರಹದಲ್ಲಿ ಸುಳಿವಿಲ್ಲ. ಕೇಳಿದವರು ಪಾಪ, ನೆರೆಯವರ ಅನುಭವವೆಂದೇ ನಂಬಿ ನಂಬರ್ ಕಳಿಸುತ್ತಾರೆ.

ಈ ವಿಷಯದಲ್ಲಿ ನಮ್ಮ ಕಾನೂನು ಸುಮ್ಮನೆ ಕುಳಿತಿಲ್ಲ. ನಾವೆಲ್ಲ ರೇರಾ ಎನ್ನುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರಿಗೂ ಮಾರುವವರಿಗೂ ಪರಿಚಯ ಮಾಡಿಸಿ ಅದಕ್ಕೆ ಹಣ ಪಡೆಯುವವರು, ಹೆಸರು ಏನೇ ಇರಲಿ, ಏಜೆಂಟರೇ. ಬಿಲ್ಡರುಗಳ ಹೊಸ ಪ್ರಾಜೆಕ್ಟಿನಲ್ಲಿ ವ್ಯಾಪಾರ ಮಾಡಿಸುವವರು ರೇರಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ತಾವು ಕುದುರಿಸಿದ ಪ್ರತಿ ವ್ಯವಹಾರದಲ್ಲೂ ಆ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಇಲ್ಲದ ಅನುಮೋದನೆಯನ್ನು ಇದೆಯೆಂದು ಬಾಯಲ್ಲಾಗಲಿ, ಬರಹದಲ್ಲಾಗಲಿ, ಚಿತ್ರದಲ್ಲಾಗಲಿ ತೋರಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ ದಂಡ, ಅದು ಆಸ್ತಿಯ ಬೆಲೆಯ ಶೇ 5ರವರೆಗೂ ಬೆಳೆಯಬಹುದು. ಕರ್ನಾಟಕದ ನೋಂದಣಿ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುತ್ತದೆ. ನಡುವೆ ‘ಪಿಆರ್’ ಎಂದಿದ್ದರೆ ಅದು ಪ್ರಾಜೆಕ್ಟಿನದು, ‘ಎಜಿ’ ಎಂದಿದ್ದರೆ ಏಜೆಂಟರದು. ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿದರೆ ನಿಜಸ್ಥಿತಿ ತಿಳಿಯುತ್ತದೆ. ಇನ್ನು ವಿಡಿಯೊ ಮಾಡಿ ಲೇಔಟು ಹೊಗಳುವವರಿಗೆ ಗ್ರಾಹಕ ಸಂರಕ್ಷಣೆಯ 2022ರ ಮಾರ್ಗಸೂಚಿ ಅನ್ವಯಿಸುತ್ತದೆ. ಹೊಗಳುವವರಿಗೂ ಮಾರುವವರಿಗೂ ಕೊಡು-ಕೊಳ್ಳುವ ಸಂಬಂಧವಿದ್ದು, ಅದು ನೋಡುವವರ ಊಹೆಗೆ ನಿಲುಕದಂತಿದ್ದರೆ ಬಿಚ್ಚಿ ಹೇಳಲೇಬೇಕು. ಹೊಗಳಿಕೆ ಕನ್ನಡದಲ್ಲಿದ್ದರೆ ಆ ಮಾತೂ ಕನ್ನಡದಲ್ಲೇ ಬರಬೇಕು.

ಇಷ್ಟೆಲ್ಲ ಇದ್ದರೂ ರೇರಾದ ನೋಂದಣಿ ನಿಯಮ ಹಳೆಯ ಮನೆಯ ಮಾರಾಟಕ್ಕೋ ಬಾಡಿಗೆ ಮನೆಗೋ ತಲುಪುವುದಿಲ್ಲ. ಅಲ್ಲಿ ಉಳಿಯುವುದು ಹೇಳುವವರ ಋಜುತ್ವವೊಂದೇ. ಬ್ರೋಕರ್ ಕೆಲಸದಲ್ಲಿ ಮುಚ್ಚಿಡಬೇಕಾದದ್ದೇನೂ ಇಲ್ಲ. ಯಾವ ರಸ್ತೆಯಲ್ಲಿ ಮಳೆಗಾಲಕ್ಕೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವ ಜಾಗಕ್ಕೆ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಯಾವ ಸರ್ವೆ ನಂಬರಿಗೆ ಎಷ್ಟು ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಬೇಕು ಎಂಬುದೆಲ್ಲ ಪಳಗಿದ ಏಜೆಂಟರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಆ ತಿಳಿವಳಿಕೆಗೆ, ಆ ಓಡಾಟಕ್ಕೆ ಕಮಿಷನ್ ಪಡೆಯುವುದು ನ್ಯಾಯವೇ. ಏಜೆಂಟ್ ಎಂದರೆ ಜನ ಕಿವಿಗೊಡುವುದಿಲ್ಲವೆಂಬ ಅಳುಕಿನಿಂದ ಕೆಲವರು ನಿವಾಸಿಯ ದನಿಯಲ್ಲಿ ಬರೆಯುತ್ತಾರೆ. ಆದರೆ ‘ನಾನು ಏಜೆಂಟ್, ಇದು ಮಾರಾಟವಾದರೆ ನನಗೆ ಕಮಿಷನ್ ಬರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಟ್ಯಾಂಕರ್ ತರಿಸಬೇಕಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ’ ಎಂದು ಬರೆದವರನ್ನೇ ಜನ ಮರಳಿ ಹುಡುಕಿಕೊಂಡು ಹೋಗುವುದು. ಎದುರಿಗಿರುವ ಸಂಸಾರ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಲು, ಮಗಳ ಮದುವೆಗೆಂದು ಇಟ್ಟ ಒಡವೆ ಅಡವಿಡಲು ಸಿದ್ಧವಾಗಿರುತ್ತದೆ. ಸಲಹೆ ಕೊಡುವವರಿಗೆ ಇದರಲ್ಲಿ ಲಾಭವಿದೆಯೇ ಎಂದು ತಿಳಿಯುವ ಹಕ್ಕು ಅವರಿಗಿಲ್ಲದೆ ಇನ್ನಾರಿಗಿದೆ?

ಏಜೆಂಟರಿಗೆ ಹೇಳಿದ ಈ ಮಾತು ಗೃಹಸ್ಥರಾದ ನಮಗೂ ಸಲ್ಲುತ್ತದೆ. ಸ್ನೇಹಿತರನ್ನು ಕರೆತಂದು ಫ್ಲ್ಯಾಟ್ ಬುಕ್ ಮಾಡಿಸಿದರೆ ಹಳೆಯ ಗ್ರಾಹಕರಿಗೆ ಹಣವನ್ನೋ ಉಡುಗೊರೆಯನ್ನೋ ಕೊಡುವ ಬಿಲ್ಡರುಗಳಿದ್ದಾರೆ. ‘ನಮ್ಮ ಅಪಾರ್ಟ್‌ಮೆಂಟ್ ಚೆನ್ನಾಗಿದೆ, ನೀವೂ ಬನ್ನಿ’ ಎಂದು ನಾವು ವಾಟ್ಸಾಪಿನಲ್ಲಿ ಕಳಿಸುವಾಗ ಆ ಉಡುಗೊರೆಯ ವಿಷಯ ಬರೆಯುತ್ತೇವೆಯೇ? ನಾವು ಸೈಟು ಕೊಂಡಿರುವ ಊರನ್ನು ಹೊಗಳುವಾಗ, ಅಲ್ಲಿ ಬೆಲೆ ಏರಲೆಂಬ ಆಸೆ ನಮಗೂ ಇದೆಯೆಂದು ಹೇಳುತ್ತೇವೆಯೇ? ಮನೆ ಕಟ್ಟಿಸುವವರಿಗೆ ಮೇಸ್ತ್ರಿಯನ್ನು, ಚೀಟಿ ಕಟ್ಟುವವರಿಗೆ ಚೀಟಿ ನಡೆಸುವವರನ್ನು ತೋರಿಸಿಕೊಡುವಾಗ ‘ಇವನು ನನ್ನ ಭಾವಮೈದ’ ಎಂಬ ಮೂರು ಪದಕ್ಕೆ ಖರ್ಚೇನೂ ಇಲ್ಲ. ಅಷ್ಟು ಹೇಳಿದ ಮೇಲೂ ಸಲಹೆ ಒಳ್ಳೆಯದಾಗಿದ್ದರೆ ಒಳ್ಳೆಯದಾಗಿಯೇ ಉಳಿಯುತ್ತದೆ. ಒಪ್ಪುವುದು ಬಿಡುವುದು ಕೇಳಿದವರ ವಿವೇಕಕ್ಕೆ ಸೇರಿದ್ದು. ಮುಂದೆ ವ್ಯವಹಾರ ಕೆಟ್ಟರೂ ಸ್ನೇಹ ಕೆಡುವ ಭಯ ಕಡಿಮೆ, ಏಕೆಂದರೆ ಮುಚ್ಚಿಟ್ಟಿದ್ದೇನೂ ಇರುವುದಿಲ್ಲ. ಆದ್ದರಿಂದ ಸೈಟು ನೋಡಲು ಹೊರಡುವ ಮುನ್ನ, ‘ಇದರಲ್ಲಿ ನಿಮಗೇನು ಬರುತ್ತದೆ?’ ಎಂದು ಏಜೆಂಟರನ್ನು ಸಂಕೋಚವಿಲ್ಲದೆ, ವಿನಯದಿಂದ ಕೇಳೋಣ. ನಾವೇ ಸಲಹೆ ಕೊಡುವ ಸರದಿ ಬಂದಾಗ, ಎದುರಿನವರು ಕೇಳಲೆಂದು ಕಾಯದೆ ನಾವಾಗಿಯೇ ಹೇಳಿಬಿಡೋಣ.