ಶಿಕ್ಷಾವ್ರತವೂ ಶಾಲೆಯ ಶಿಕ್ಷಣವೂ

ಶ್ರಾವಕನ ದ್ವಾದಶ ವ್ರತಗಳಲ್ಲಿ ಅಣುವ್ರತಗಳು ಐದು, ಗುಣವ್ರತಗಳು ಮೂರು, ಶಿಕ್ಷಾವ್ರತಗಳು ನಾಲ್ಕು ಎಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ವಿಷಯ. ಆದರೆ ಕೊನೆಯ ನಾಲ್ಕಕ್ಕೆ ‘ಶಿಕ್ಷಾ’ ಎಂಬ ಹೆಸರೇಕೆ ಬಂದಿತೆಂದು ನಾವು ವಿಚಾರಿಸುವುದು ವಿರಳ. ಇಲ್ಲಿ ಶಿಕ್ಷೆಯೆಂದರೆ ಅಭ್ಯಾಸ. ಸಾಮಾಯಿಕವಾಗಲಿ, ಪ್ರೋಷಧೋಪವಾಸವಾಗಲಿ ಒಮ್ಮೆ ಕೈಕೊಂಡು ಮುಗಿಸುವಂಥದಲ್ಲ. ಮತ್ತೆ ಮತ್ತೆ ಆಚರಿಸಿ ಮನಸ್ಸನ್ನು ಮುನಿಧರ್ಮಕ್ಕೆ ಹದಗೊಳಿಸುವ ಪಾಠ. ಮುಂದಿನ ಪೀಳಿಗೆಗೆ ನೆಲಜಲಗಳು ಉಳಿಯಬೇಕಾದರೆ ಶಿಕ್ಷಣವು ಮಾಡಬೇಕಾದುದೇನು ಎಂಬ ಪ್ರಶ್ನೆಗೆ ಈ ಹೆಸರಿನಲ್ಲಿಯೇ ಉತ್ತರವಿದೆಯೆಂದು ನನಗೆ ತೋರುತ್ತದೆ.

ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಹೇಳಿತು. ವಿಶ್ವಸಂಸ್ಥೆಯು 2005ರಿಂದ 2014ರವರೆಗಿನ ದಶಕವನ್ನು ಸುಸ್ಥಿರ ಅಭಿವೃದ್ಧಿಯ ಶಿಕ್ಷಣಕ್ಕೆ ಮೀಸಲಿಟ್ಟಿತು. ಪಾಠವೇನೋ ಬಂದಿತು. ನಾನೂ ಹಲವು ವರ್ಷ ಕರಿಹಲಗೆಯ ಮೇಲೆ ಜಲಚಕ್ರದ ಚಿತ್ರ ಬರೆದವನು. ಅದನ್ನು ತಪ್ಪಿಲ್ಲದೆ ಬರೆದವರಿಗೆ ಪೂರ್ಣ ಅಂಕ ಕೊಟ್ಟವನು. ಅದೇ ಕಾಲದಲ್ಲಿ ಶಾಲೆಯ ಅಂಗಳದ ನಲ್ಲಿ ಹಗಲೆಲ್ಲ ಸೋರುತ್ತಿತ್ತು. ಅದನ್ನು ಸರಿಪಡಿಸುವುದು ನನ್ನ ಕೆಲಸವೆಂದು ನನಗೆ ಅನಿಸಲೇ ಇಲ್ಲ. ಒಂದು ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು, “ಆ ನೀರು ಪಾಠದಲ್ಲಿ ಬರುವುದಿಲ್ಲವೇ, ಸಾರ್?” ಎಂದು ಕೇಳಿದಳು. ಅಂಕ ಕೊಡುವವನು ನಾನಾಗಿದ್ದರೂ ಅಂದು ಅನುತ್ತೀರ್ಣನಾದವನು ನಾನೇ.

ಚಾರಿತ್ರವಿಲ್ಲದ ಜ್ಞಾನವು ಮೋಕ್ಷಮಾರ್ಗವನ್ನು ಪೂರ್ಣಗೊಳಿಸಲಾರದೆಂದು ಬಲ್ಲ ನಾವು, ಲೋಕವ್ಯವಹಾರದಲ್ಲಿ ಮಾತ್ರ ತಿಳಿವಳಿಕೆಯೊಂದೇ ಸಾಕೆಂದು ನಂಬಿದ್ದೇವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತ, ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಸಸ್ಯಗಳನ್ನು ಕತ್ತರಿಸುವುದು ಇವನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಕೊರತೆ ಬಂದಾಗ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಸಾರಬೇಕಾಯಿತು. ಆ ದಂಡವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ದಂಡದ ಭಯವು ಮಳೆ ಬಂದೊಡನೆ ತೀರುತ್ತದೆ. ಅನರ್ಥದಂಡವೆಂದು ಅರಿತು ಬಿಟ್ಟವನಿಗೆ ಮಳೆಗಾಲ ಬೇಸಿಗೆಗಳ ಭೇದವಿಲ್ಲ.

ಹಾಗೆಂದು ವ್ರತಿಗಳಾದ ನಾವು ನಿರ್ದೋಷಿಗಳೇ? ಹಿರಿಯರು ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಸೇರಿಸುತ್ತಿದ್ದರು. ಅದನ್ನು ನೋಡಿದ ಮಗುವಿಗೆ ನೀರಿಗೊಂದು ಮೂಲವಿದೆಯೆಂದೂ ಅಲ್ಲಿ ಅನ್ಯಜೀವಗಳ ವಾಸವಿದೆಯೆಂದೂ ಹೇಳಿಕೊಡಬೇಕಾಗಿರಲಿಲ್ಲ. ಇಂದು ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಕೊಡ ತುಂಬಿ ಹರಿದರೂ ಒಳಗೆ ಮಾತನಾಡುತ್ತ ಕುಳಿತಿರುತ್ತೇವೆ. ಬಟ್ಟೆ ಉಳಿಯಿತು, ಅದರ ಅರ್ಥ ಜಾರಿತು. ನೀರು ಯಾವ ನದಿಯಿಂದ, ಎಷ್ಟು ಆಳದ ಕೊಳವೆಬಾವಿಯಿಂದ ಬರುತ್ತದೆಂದು ತಿಳಿಯದವನು ಭೋಗೋಪಭೋಗಕ್ಕೆ ಪರಿಮಾಣವನ್ನು ಹೇಗೆ ಇಟ್ಟುಕೊಂಡಾನು? ಆದುದರಿಂದ ಶಾಲೆಗೆ ವ್ರತ ಬೇಕಾದಂತೆ ವ್ರತಕ್ಕೂ ಶಾಲೆ ಬೇಕು.

ಕಾರ್ಖಾನೆಗಳು ಕೆರೆಗಳನ್ನೇ ಕೆಡಿಸುತ್ತಿರುವಾಗ ಒಂದು ಮನೆಯ ಎರಡು ಕೊಡ ಉಳಿದರೇನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು, ಎರಡು ಕೊಡದಿಂದ ಕೆರೆ ತುಂಬದು. ಆದರೆ ನಾಳೆ ಆ ಕಾರ್ಖಾನೆಯ ಕಡತಕ್ಕೆ ಸಹಿ ಹಾಕುವವನು ಇಂದು ಯಾವುದೋ ಮನೆಯಲ್ಲಿ ಬೆಳೆಯುತ್ತಿರುವ ಹುಡುಗನೇ. ‘ಇಷ್ಟು ಸಾಕು’ ಎಂಬ ಮಾತನ್ನು ಬಾಲ್ಯದಲ್ಲಿ ಒಮ್ಮೆಯೂ ಅಭ್ಯಾಸ ಮಾಡದವನು ಅಂದು ಅದನ್ನು ಬರೆಯುವನೆಂದು ನಂಬುವುದು ಕಷ್ಟ.

ಬರುವ ದಶಲಕ್ಷಣ ಪರ್ವದಲ್ಲಿ, ಉತ್ತಮ ಸಂಯಮದ ದಿನ, ಮನೆಯ ಮಕ್ಕಳೊಡನೆ ಕುಳಿತು ನಮ್ಮ ನೀರಿನ ಮೂಲವನ್ನು ವಿಚಾರಿಸೋಣ. ಆ ದಿನ ಬಳಸಿದ ಕೊಡಗಳನ್ನು ಎಣಿಸೋಣ. ಬಳಿಕ ಒಂದು ವರ್ಷಕ್ಕೆ ಒಂದು ಚಿಕ್ಕ ನಿಯಮವನ್ನು ಕೈಕೊಳ್ಳೋಣ. ಮಕ್ಕಳಿಗೆ ಹೇಳುವ ಮೊದಲು ಹಿರಿಯರು ಅದನ್ನು ಸ್ವೀಕರಿಸಲಿ. ಆ ಹುಡುಗಿ ಕೇಳಿದ ಪ್ರಶ್ನೆಗೆ ನಾನು ತಡವಾಗಿ ಕಂಡುಕೊಂಡ ಉತ್ತರ ಇದೇ.