ತಪ್ಪು ಯಾರ ಖಾತೆಗೆ?



ಕೆಲಸ ಕೆಟ್ಟಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು "ಯಾರು ಮಾಡಿದ್ದು?" ಎಂಬುದು. ಮನೆಯಲ್ಲಾಗಲಿ, ಅಡತಿ ಅಂಗಡಿಯಲ್ಲಾಗಲಿ, ಹೊಲದಲ್ಲಾಗಲಿ ಇದೇ ರೂಢಿ. ಯಾರ ಕೈಯಲ್ಲಿ ಕೆಟ್ಟಿತೋ ಅವನೇ ತಪ್ಪಿತಸ್ಥನೆಂದು ತೀರ್ಮಾನಿಸಿ ನಾವು ನಿಶ್ಚಿಂತರಾಗುತ್ತೇವೆ. ಈ ರೂಢಿ ನ್ಯಾಯವೇ ಎಂದು ವಿಚಾರಿಸಲು ಈ ಸಲ ಆಕಾಶದಲ್ಲಿ ನಡೆದ ಎರಡು ದುರಂತಗಳನ್ನು ಎತ್ತಿಕೊಂಡಿದ್ದೇವೆ.

ಆಕಾಶದಲ್ಲಿ ಬದು ಇಲ್ಲ, ಗಡಿಗಲ್ಲೂ ಇಲ್ಲ. ನೆಲದ ಮೇಲೆ ಕುಳಿತ ನಿಯಂತ್ರಕನು ರೇಡಿಯೋದಲ್ಲಿ ಹೇಳುವ ಮಾತೇ ಅಲ್ಲಿನ ಬದು. ನಿಲ್ದಾಣದ ಸಮೀಪದಲ್ಲಿ ಒಂದು ವಿಮಾನಕ್ಕೂ ಇನ್ನೊಂದಕ್ಕೂ ಸಾಮಾನ್ಯವಾಗಿ 1,000 ಅಡಿಯಷ್ಟು ಎತ್ತರದ ಅಂತರವಿರಬೇಕು. ಇಲ್ಲವೇ ರೇಡಾರ್ ಇದ್ದಲ್ಲಿ ಸುಮಾರು ಐದೂವರೆ ಕಿಲೋಮೀಟರ್ ದೂರದ ಅಂತರವಾದರೂ ಇರಬೇಕು. ಸಂತೆಯ ದಿನ ಊರ ಅಗಸಿಯಲ್ಲಿ ಬರುವ ಬಂಡಿ, ಹೋಗುವ ಬಂಡಿ ಎಲ್ಲ ಕೂಡುವಂತೆ, ಏರುವ ಮತ್ತು ಇಳಿಯುವ ವಿಮಾನಗಳೆಲ್ಲ ನಿಲ್ದಾಣದ ಬಳಿ ಕೂಡುವುದರಿಂದ ಈ ಅಂತರ ಕಾಯುವುದು ಅಲ್ಲಿಯೇ ಹೆಚ್ಚು ಕಷ್ಟ.

1996ರ ನವೆಂಬರ್ 12ರ ಸಂಜೆ ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ದಿಲ್ಲಿಗೆ ಇಳಿಯುತ್ತಿದ್ದ ಕಜಾಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಮಟ್ಟ ಗೊತ್ತುಮಾಡಲಾಗಿತ್ತು. ಎದುರಿನಿಂದ ವಿಮಾನ ಬರುತ್ತಿದೆ ಎಂದು ನಿಯಂತ್ರಕರು ತಿಳಿಸಿಯೂ ಇದ್ದರು. ಆದರೂ ಕಜಾಕ್ ವಿಮಾನ ತನ್ನ ಮಟ್ಟ ಬಿಟ್ಟು ಕೆಳಗಿಳಿಯಿತು. ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನರು ಅಸುನೀಗಿದರು. ನ್ಯಾಯಮೂರ್ತಿ ಲಾಹೋಟಿಯವರ ಆಯೋಗವು ಮಟ್ಟ ಬಿಟ್ಟ ವಿಮಾನದ ಸಿಬ್ಬಂದಿಯದೇ ತಪ್ಪೆಂದು ಹೇಳಿತು. ಆದರೆ ಆಗ ದಿಲ್ಲಿಯಲ್ಲಿ ಬರುವ ಹೋಗುವ ವಿಮಾನಗಳಿಗೆ ಒಂದೇ ಹಾದಿಯಿತ್ತು. ಅಲ್ಲಿನ ಹಳೆಯ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಆಮೇಲೆ ಹಾದಿಗಳನ್ನು ಬೇರೆ ಮಾಡಿದರು, ಎತ್ತರ ತೋರಿಸುವ ರೇಡಾರ್ ತಂದರು, ಡಿಕ್ಕಿಯ ಎಚ್ಚರಿಕೆ ಕೊಡುವ ಯಂತ್ರವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಿದರು.

ಎರಡನೆಯದು 2002ರ ಜುಲೈ 1ರ ರಾತ್ರಿಯ ಸಂಗತಿ. ಜರ್ಮನಿಯ ಉಬರ್ಲಿಂಗೆನ್ ಊರಿನ ಮೇಲಿನ ಆಕಾಶವನ್ನು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಿಂದ ನಿಯಂತ್ರಿಸಲಾಗುತ್ತಿತ್ತು. ಪಾಳಿಯಲ್ಲಿದ್ದ ಇಬ್ಬರಲ್ಲಿ ಒಬ್ಬನು ವಿಶ್ರಾಂತಿಗೆ ಹೋಗಿದ್ದ. ಇದು ಬಹುದಿನಗಳಿಂದ ನಡೆದುಬಂದದ್ದು, ಮೇಲಿನವರಿಗೂ ಗೊತ್ತಿದ್ದದ್ದು. ಉಳಿದೊಬ್ಬನು ಎರಡು ಮೇಜುಗಳನ್ನು ನೋಡಿಕೊಳ್ಳಬೇಕಾಯಿತು. ಅದೇ ರಾತ್ರಿ ದುರಸ್ತಿಗಾಗಿ ಮುಖ್ಯ ಫೋನ್ ವ್ಯವಸ್ಥೆಯನ್ನು ನಿಲ್ಲಿಸಲಾಗಿತ್ತು; ಬದಲಿ ಫೋನೂ ಕೆಟ್ಟಿತ್ತು. ಫ್ರೀಡ್ರಿಕ್ಸ್‌ಹಾಫೆನ್ ನಿಲ್ದಾಣಕ್ಕೆ ತಡವಾಗಿ ಇಳಿಯುತ್ತಿದ್ದ ವಿಮಾನವೊಂದರ ಸಲುವಾಗಿ ಅವನು ಆ ಫೋನಿನೊಂದಿಗೆ ಹೆಣಗುತ್ತಿದ್ದಾಗ, 36,000 ಅಡಿಯಲ್ಲಿ ಎರಡು ವಿಮಾನಗಳು ಒಂದೇ ಬಿಂದುವಿನತ್ತ ಸಾಗುತ್ತಿದ್ದವು. ನೆರೆಯ ಕಾರ್ಲ್ಸ್‌ರೂಹ್ ಕೇಂದ್ರದವರು ಅಪಾಯವನ್ನು ಕಂಡರು, ಫೋನ್ ತಗುಲಲಿಲ್ಲ. ಒಂದು ನಿಮಿಷವೂ ಉಳಿಯದಿದ್ದಾಗ ಅವನು ರಷ್ಯಾದ ವಿಮಾನಕ್ಕೆ "ಕೆಳಗಿಳಿಯಿರಿ" ಎಂದ. ವಿಮಾನದೊಳಗಿನ ಯಂತ್ರ "ಏರಿ" ಎಂದಿತು. ಅವರು ಮನುಷ್ಯನ ಮಾತು ಕೇಳಿದರು. ಇನ್ನೊಂದು ವಿಮಾನವು ಯಂತ್ರದ ಮಾತಿನಂತೆ ತಾನೂ ಇಳಿಯಿತು. 71 ಜನ ಸತ್ತರು, ಅವರಲ್ಲಿ ಬಹಳ ಮಂದಿ ರಜೆಗೆಂದು ಹೊರಟಿದ್ದ ಶಾಲೆಯ ಮಕ್ಕಳು. ಇಂಥ ಹೊತ್ತಿನಲ್ಲಿ ಯಂತ್ರದ ಮಾತನ್ನೇ ಪಾಲಿಸಬೇಕೆಂಬ ನಿಯಮ ಸ್ಪಷ್ಟವಾದದ್ದು ಅನಂತರ.

ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬನು 2004ರ ಫೆಬ್ರುವರಿಯಲ್ಲಿ ಆ ನಿಯಂತ್ರಕನ ಮನೆಗೇ ಹೋಗಿ ಅವನನ್ನು ಇರಿದು ಕೊಂದನು. 2007ರಲ್ಲಿ ಅಲ್ಲಿನ ನ್ಯಾಯಾಲಯವು ನಿಯಂತ್ರಣ ಸಂಸ್ಥೆಯ ನಾಲ್ವರನ್ನು ಅಪರಾಧಿಗಳೆಂದು ತೀರ್ಮಾನಿಸಿತು; ಅವರಲ್ಲಿ ಮೂವರು ವ್ಯವಸ್ಥಾಪಕರು. ಆ ತೀರ್ಪು ಬರುವಾಗ ನಿಯಂತ್ರಕನು ಸತ್ತು ಮೂರು ವರ್ಷ ಕಳೆದಿತ್ತು.

ಆ ತಂದೆಯ ದುಃಖದ ಆಳ ನಮಗೆ ತಿಳಿಯದು. ಆದರೆ ಅವನು ಕೇಳಿದ್ದು ನಾವು ದಿನವೂ ಕೇಳುವ ಪ್ರಶ್ನೆಯನ್ನೇ. ಕೈಗೆ ಸಿಕ್ಕಿದವನು ಕೊನೆಯ ಮಾತು ಆಡಿದವನು ಮಾತ್ರ.

ಹಾಗಾದರೆ ತಪ್ಪೆಲ್ಲವೂ ವ್ಯವಸ್ಥೆಯದೇ ಎನ್ನೋಣವೇ? ಹಾಗೆಂದರೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲ. ಕಳ್ಳ ಗುಮಾಸ್ತನೂ "ವ್ಯವಸ್ಥೆ ಸರಿಯಿರಲಿಲ್ಲ" ಎಂದಾನು. ಚರಖಿ ದಾದ್ರಿಯಲ್ಲಿ ಮಟ್ಟ ಕಾಯುವುದು ವಿಮಾನದವರ ಕೈಯಲ್ಲೇ ಇತ್ತು, ಅವರು ಕಾಯಲಿಲ್ಲ. ಆ ಮಾತನ್ನು ಮುಚ್ಚಿಡಲಾಗದು. ನಮಗೆ ತೋರುವುದು ಇಷ್ಟು: ತನ್ನ ಕೈಯಲ್ಲಿದ್ದುದಕ್ಕೆ ಕೆಲಸಗಾರನು ಉತ್ತರ ಕೊಡಬೇಕು, ಅವನ ಕೈಗೆ ಏನು ಕೊಟ್ಟೆವು, ಏನು ಕೊಡಲಿಲ್ಲ ಎಂಬುದಕ್ಕೆ ಕೆಲಸ ಒಪ್ಪಿಸಿದವನು ಉತ್ತರ ಕೊಡಬೇಕು. ಎರಡೂ ಬೇರೆ ಬೇರೆ ಖಾತೆಗಳು. ಒಂದರ ಬಾಕಿಯನ್ನು ಇನ್ನೊಂದಕ್ಕೆ ತಿರುಗಿಸಿದರೆ ಅಡಾವೆ ಪತ್ರಿಕೆ ತಾಳೆಯಾದಂತೆ ಕಂಡೀತು, ಲೆಕ್ಕ ಮಾತ್ರ ಸುಳ್ಳು.

ಈ ಮಾತನ್ನು ಬರೆಯುವ ಅಧಿಕಾರ ನಮಗೆ ಸುಲಭವಾಗಿ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಜಾತ್ರೆಯ ಉಗ್ರಾಣವನ್ನು ಜತ್ತ ತಾಲೂಕಿನ ಒಬ್ಬ ಹುಡುಗನಿಗೆ ಒಪ್ಪಿಸಿದ್ದೆವು. ಬಂದ ಚೀಲ ಇಳಿಸಿಕೊಳ್ಳುವುದು, ಅಡಿಗೆಯವರಿಗೆ ಅಳೆದು ಕೊಡುವುದು, ಪುಸ್ತಕ ಬರೆಯುವುದು, ಮೂರೂ ಅವನೊಬ್ಬನದೇ. ಮೂರನೆಯ ದಿನ ಐದು ಚೀಲ ಜೋಳ ಲೆಕ್ಕಕ್ಕೆ ಸಿಗಲಿಲ್ಲ. ನಾಲ್ಕು ಜನರೆದುರು ಅವನನ್ನು ಬಾಯಿಗೆ ಬಂದಂತೆ ಅಂದೆವು. ಅವನು ತಲೆ ತಗ್ಗಿಸಿ ಬೀಗದ ಕೈ ಕೊಟ್ಟು ಹೋದ. ತಿಂಗಳ ಬಳಿಕ ಲೆಕ್ಕ ಮುಗಿಸುವಾಗ ಕಂಡದ್ದು: ಚೀಲಗಳು ಅಡಿಗೆಗೇ ಹೋಗಿದ್ದವು, ಲಾರಿ ಇಳಿಸುವ ಗಡಿಬಿಡಿಯಲ್ಲಿ ಬರೆಯುವುದು ತಪ್ಪಿತ್ತು. ಕೊಡುವವನೂ ಬರೆಯುವವನೂ ಒಬ್ಬನೇ ಆಗಿರಬಾರದೆಂದು ಬಿ.ಕಾಂ. ತರಗತಿಯಲ್ಲಿ ಓದಿ ಪಾಸಾದವರು ನಾವು. ಅವನು ಬರೆಯದಿದ್ದದ್ದು ಅವನ ತಪ್ಪು. ಒಬ್ಬನನ್ನೇ ನಿಲ್ಲಿಸಿದ್ದು ನಮ್ಮ ತಪ್ಪು. ನಾಲ್ಕು ಜನರೆದುರು ಹೇಳಿದ್ದು ಅವನದನ್ನು ಮಾತ್ರ.

ಅವನ ಊರಿಗೆ ಹೋಗಿ, ಅವನ ತಂದೆಯವರೆದುರು ತಪ್ಪೊಪ್ಪಿಕೊಂಡು ಬಂದೆವು. ಅವರು ಚಹ ಕೊಟ್ಟು ಕಳಿಸಿದರು. ಹುಡುಗ ಮಾತ್ರ ಉಗ್ರಾಣಕ್ಕೆ ಮತ್ತೆ ಬರಲಿಲ್ಲ. ಅಂದಿನಿಂದ ಉಗ್ರಾಣದಲ್ಲಿ ಇಬ್ಬರು ಇರುತ್ತಾರೆ.

ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಅಂಗಡಿಯಲ್ಲಿ, ತೋಟದಲ್ಲಿ ಕೆಲಸ ಕೆಟ್ಟ ದಿನ "ಯಾರು ಮಾಡಿದ್ದು?" ಎಂದು ಅವಶ್ಯವಾಗಿ ಕೇಳಿರಿ. ಅದಕ್ಕೂ ಮೊದಲು "ಅಲ್ಲಿ ಎಷ್ಟು ಜನರನ್ನು ನಿಲ್ಲಿಸಿದ್ದೆವು?" ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.