ಉಪ್ಪಿನ ಋಣ ಯಾರಿಗೆ?

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬುದು ನಮ್ಮ ಗಾದೆ. ಅಂಚೆಟ್ಟಿಯಲ್ಲಿ ನಮ್ಮ ನೆರೆಯ ತಮಿಳರು ಇದನ್ನೇ ‘ಉಪ್ಪಿಟ್ಟವರೈ ಉಳ್ಳಳವುಂ ನಿನೈ’ ಎನ್ನುತ್ತಾರೆ. ಎರಡು ಭಾಷೆಗಳೂ ಒಪ್ಪಿರುವ ಈ ಮಾತಿನಲ್ಲಿ ಒಂದು ತೊಡಕಿದೆ. ಉಪ್ಪು ರಾಜ್ಯದ್ದು, ಬಡಿಸಿದ ಕೈ ಮತ್ತೊಬ್ಬನದು ಎಂದಾದರೆ ಋಣ ಯಾರಿಗೆ ಸಲ್ಲಬೇಕು?

ರೋಮಿನ ಗಣರಾಜ್ಯ ಮುಳುಗಿದ್ದು ಈ ತೊಡಕಿನಲ್ಲೇ. ಕ್ರಿ.ಪೂ. 107ರಲ್ಲಿ ಮೇರಿಯಸ್ ಎಂಬ ದಂಡನಾಯಕ ಆಸ್ತಿಪಾಸ್ತಿಯಿಲ್ಲದ ಬಡವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ಯುದ್ಧ ಮುಗಿಸಿ ಬಂದವರಿಗೆ ಜಮೀನು ಕೊಡಲು ಸೆನೆಟ್ ಸಭೆ ಹಿಂದೆಮುಂದೆ ನೋಡಿತು. ಸೈನಿಕರು ಸೆನೆಟ್ಟಿನ ಕಡೆ ನೋಡುವುದನ್ನು ಬಿಟ್ಟು ತಮ್ಮ ದಂಡನಾಯಕನ ಮುಖ ನೋಡತೊಡಗಿದರು. ಕ್ರಿ.ಪೂ. 88ರಲ್ಲಿ ಸುಲ್ಲ ರೋಮಿನ ಸೈನ್ಯವನ್ನೇ ರೋಮಿನ ಮೇಲೆ ನಡೆಸಿದ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ರೂಬಿಕಾನ್ ಹೊಳೆ ದಾಟಿದಾಗ ಅವನ ಹಿಂದೆ ಬಂದವರು ದೇಶದ ಸೈನಿಕರಲ್ಲ, ಸೀಸರನ ಸೈನಿಕರು.

ಇದೆಲ್ಲ ದೂರದ ಕಥೆ ಎನ್ನುವಂತಿಲ್ಲ. ನಮ್ಮ ಮೈಸೂರಿನಲ್ಲೂ ಹೀಗೆಯೇ ನಡೆಯಿತು. 1751ರಿಂದ 1755ರವರೆಗೆ ಸರ್ವಾಧಿಕಾರಿ ಕಳಲೆ ನಂಜರಾಜಯ್ಯ ತಿರುಚ್ಚಿರಾಪಳ್ಳಿಯ ಆಸೆಯಿಂದ ಸೈನ್ಯ ಕಟ್ಟಿಕೊಂಡು ಹೋಗಿ ಬರಿಗೈಯಲ್ಲಿ ಹಿಂದಿರುಗಿದ. ಕೋಟೆ ಕೊಡುತ್ತೇನೆಂದಿದ್ದ ಮಹಮ್ಮದ್ ಅಲಿ ಮಾತಿಗೆ ತಪ್ಪಿದ್ದ. ಆಮೇಲೆ ನಿಜಾಮನ ಕಡೆಯವರು ಬಂದರು, ಮರಾಠರು ಬಂದರು. ಬೊಕ್ಕಸ ಬರಿದಾಯಿತು. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು.

ಆಗ ದಿಂಡಿಗಲ್ಲಿನಿಂದ ಬಂದವನು ಹೈದರ್ ಅಲಿ. ಕೋಲಾರದ ಕಡೆಯ ಬೂದಿಕೋಟೆಯಲ್ಲಿ ಹುಟ್ಟಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ನಂಜರಾಜಯ್ಯನ ಕಣ್ಣಿಗೆ ಬಿದ್ದು ಮೇಲೆ ಬಂದವನು. ಖಂಡೇರಾಯನೆಂಬ ಲೆಕ್ಕದಲ್ಲಿ ನಿಪುಣನಾದ ಬ್ರಾಹ್ಮಣನನ್ನು ಜೊತೆಗಿಟ್ಟುಕೊಂಡು, ಯಾರಿಗೆ ಎಷ್ಟು ಬಾಕಿ ಎಂದು ತಪಾಸಣೆ ಮಾಡಿಸಿ ತೀರಿಸಿದ. ಹಣ ರಾಜ್ಯದ್ದೇ. ಆದರೆ ಸಿಪಾಯಿಗಳು ಕಂಡದ್ದು ಹೈದರನ ಕೈಯನ್ನು. ಮರುವರ್ಷ ಮತ್ತೆ ಸಂಬಳ ನಿಂತಾಗ ಸಿಪಾಯಿಗಳು ಹೈದರನ ಬಾಗಿಲಲ್ಲಿ ಕುಳಿತರೆಂದೂ, ಅವನು ಅವರನ್ನು ಕರೆದುಕೊಂಡು ಹೋಗಿ ತಾನೇ ನಂಜರಾಜಯ್ಯನ ಬಾಗಿಲಲ್ಲಿ ಕುಳಿತನೆಂದೂ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ವಿಲ್ಕ್ಸ್ ಇಂಗ್ಲಿಷರವನು, ಹೈದರನ ಮಿತ್ರನಲ್ಲ. ಅಷ್ಟನ್ನು ಕಳೆದೇ ಓದಬೇಕು. ಅಂತೂ ನಂಜರಾಜಯ್ಯ ಅಧಿಕಾರ ಬಿಟ್ಟ.

1760ರ ಆಗಸ್ಟಿನಲ್ಲಿ ಸರದಿ ತಿರುಗಿತು. ಖಂಡೇರಾಯ ಅರಮನೆಯ ಪಕ್ಷ ಹಿಡಿದು ಹೈದರನ ಮೇಲೆ ತಿರುಗಿಬಿದ್ದ. ಹೆಂಡತಿ ಮಕ್ಕಳನ್ನೂ ಐಶ್ವರ್ಯವನ್ನೂ ಶ್ರೀರಂಗಪಟ್ಟಣದಲ್ಲೇ ಬಿಟ್ಟು, ರಾತ್ರೋರಾತ್ರಿ ಕಾವೇರಿ ದಾಟಿ ಹೈದರ್ ತಲುಪಿದ್ದು ಆನೇಕಲ್ಲನ್ನು. ಅಂಚೆಟ್ಟಿಯಿಂದ ಹೊರಟು ಡೆಂಕಣಿಕೋಟೆ, ತಳಿ ದಾಟಿದರೆ ಸಿಗುವ ಆನೇಕಲ್ಲೇ ಅದು. ದಿನ ಕೆಟ್ಟಾಗ ಅವನು ಹೋಗಿ ಕೈಮುಗಿದದ್ದು ಅದೇ ನಂಜರಾಜಯ್ಯನಿಗೆ. ಕನ್ನಡದಲ್ಲಿ ‘ಶಿವಭಕ್ತಿ ವಿಲಾಸ ದರ್ಪಣ’ ಬರೆದ ಆ ಮುದುಕ ಹಳೆಯದನ್ನು ಮರೆತು ಬೆಂಬಲಕ್ಕೆ ನಿಂತ. ಅವನ ಮುದ್ರೆ ಒತ್ತಿದ ಪತ್ರಗಳಿಂದಲೇ ಹೈದರ್ ಖಂಡೇರಾಯನನ್ನು ಬೆದರಿಸಿ ಓಡಿಸಿದ. 1761ರಲ್ಲಿ ರಾಜ್ಯ ಅವನ ಕೈಗೆ ಬಂತು. ಖಂಡೇರಾಯನನ್ನು ಗಿಣಿಯಂತೆ ಸಾಕುತ್ತೇನೆಂದು ಅರಮನೆಗೆ ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದನೆಂಬ ಕಥೆ ಪ್ರಸಿದ್ಧ. ನಂಜರಾಜಯ್ಯನೂ ಕೊನೆಗೆ ಸೆರೆಯಲ್ಲೇ ಕಳೆದ.

ಹೈದರ್ ಸಮರ್ಥನೋ ದ್ರೋಹಿಯೋ ಎಂಬ ವಾದ ಇಂದಿಗೂ ನಡೆಯುತ್ತದೆ. 1763ರಲ್ಲಿ ಬಿದನೂರು ಗೆದ್ದು, 1766ರಲ್ಲಿ ಮಲಬಾರಿಗೆ ಇಳಿದವನ ಬಗ್ಗೆ ಕಾಸರಗೋಡಿನ ಓದುಗರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನನ್ನ ಪ್ರಶ್ನೆ ಬೇರೆ. ಸಿಪಾಯಿಗಳು ಹೈದರನಿಗೆ ಋಣಿಗಳಾಗಿದ್ದರೇ?

ಬ್ಯಾಂಕಿನ ಗುಮಾಸ್ತನಾಗಿ ನನಗೆ ತೋರುವುದಿಷ್ಟು. ದುಡಿದವನಿಗೆ ಕೊಡದ ಸಂಬಳ ಮಾಲೀಕನ ಮೇಲಿನ ಸಾಲ. ಅದನ್ನು ತೀರಿಸಿದವನು ದಾನಿಯಲ್ಲ. ಬಾಕಿ ಸಂದಾಯಕ್ಕೆ ಋಣವೆಂದು ಹೆಸರಿಟ್ಟಲ್ಲಿಯೇ ಮೋಸ ಶುರುವಾಗುತ್ತದೆ. ಸೆನೆಟ್ಟೂ ನಂಜರಾಜಯ್ಯನೂ ಸಲ್ಲಬೇಕಾದ್ದನ್ನು ಸಲ್ಲಿಸದೆ, ಸಲ್ಲಿಸುವವನು ದೊರೆಯಾಗಲು ದಾರಿ ಮಾಡಿಕೊಟ್ಟರು. ಮೊದಲ ತಪ್ಪು ಅವರದೇ. ಆದರೆ ಕೊಡಬೇಕಾದ ಬಾಧ್ಯತೆಯಿಲ್ಲದೆ ಕೊಟ್ಟದ್ದು ನಿಜವಾದ ಉಪ್ಪು. ತನ್ನನ್ನು ಕೆಳಗಿಳಿಸಿದವನಿಗೇ ನಂಜರಾಜಯ್ಯ ನೀಡಿದ ಬೆಂಬಲ ಅಂಥದು. ಆ ಋಣವನ್ನು ಹೈದರ್ ತೀರಿಸಲಿಲ್ಲ. ಅವನ ಪರಾಕ್ರಮದ ಯಾವ ಜಮೆಯೂ ಈ ಬಾಕಿಯನ್ನು ಅಳಿಸಲಾರದು.

ಗಡಿನಾಡಿನ ನಮಗೆ ಈ ವ್ಯತ್ಯಾಸ ತಿಳಿದಿರಬೇಕು. ಕನ್ನಡ ಶಾಲೆಗೆ ಒಬ್ಬ ಮೇಷ್ಟರು ಬಂದರೆ ‘ನಾನು ಕೊಡಿಸಿದೆ’ ಎನ್ನುವವರು ಎದುರು ನಿಲ್ಲುತ್ತಾರೆ. ನಾವು ಕೈಮುಗಿದು ಹಾರ ಹಾಕುತ್ತೇವೆ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರಿಂದಲೂ ಇದೆ. ಅದು ನಮ್ಮ ಬಾಕಿ. ಓಡಾಡಿ ಕೊಡಿಸಿದವರಿಗೆ ಒಂದು ನಮಸ್ಕಾರ ಸಲ್ಲಲಿ, ನಮ್ಮ ತಲೆ ಬೇಡ. ಮನೆಗೆ ಮಲ್ಲಿಗೆ ಹೂವೋ ಒಂದು ಸೇರು ರಾಗಿಯೋ ಕೇಳದೆ ಕೊಟ್ಟ ತಮಿಳು ನೆರೆಯವರಿದ್ದಾರಲ್ಲ, ಮುಪ್ಪಿನ ತನಕ ನೆನೆಯಬೇಕಾದ್ದು ಅವರನ್ನು.